ಜಾಗ ಬಿಟ್ಟ ಚುಕ್ಕಿ

ಬೆಟಗೇರಿಯ ಸಾಬೀರಾಳಿಗೆ ಹೆದರಿಕೆ ಅನ್ನುವುದು ಹೊಸದೇನಲ್ಲ. ಸಿಡಿಲಿಗೆ ಹೆದರುತ್ತಾಳೆ, ಹಲ್ಲಿಗೆ ಹೆದರುತ್ತಾಳೆ, ಲಿಫ್ಟು ಕಂಡರೆ ನಾಲ್ಕು ಮಹಡಿಯಾದರೂ ಸೈ, ಮೆಟ್ಟಿಲು ಹತ್ತಿಯೇ ಹೋಗುತ್ತಾಳೆ. ಮಗಳು ಮಹೆಕಳನ್ನು ಶಿರಹಟ್ಟಿಗೆ ಮದುವೆ ಮಾಡಿ ಕೊಟ್ಟ ದಿನ, ಬೀಗರ ಜೀಪು ಓಣಿಯ ತಿರುವು ದಾಟುವ ಮುಂಚೆಯೇ ಫೋನು ಹಚ್ಚಿ ‘ಮುಟ್ಟಿದ್ರೇನು?’ ಎಂದು ಕೇಳಿದ ಪುಣ್ಯಾತ್ಗಿತ್ತಿ ಈಕೆ. ಓಣಿಯವರು ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ, ಆಕೆಯೂ ನಗುತ್ತಾಳೆ.

ಆದರೆ ಬಟ್ಟೆಯ ಮುಂದೆ ಕೂತಳೆಂದರೆ ಆ ಹೆಂಗಸೇ ಬೇರೆ. ಇಪ್ಪತ್ತೆರಡು ವರ್ಷ ನೇಕಾರರ ಸೊಸೈಟಿಯಲ್ಲಿ ಸೀರೆ ತಪಾಸಣೆ ಮಾಡಿದವಳು. ಕಿಟಕಿಯ ಬೆಳಕಿಗೆ ಸೀರೆ ಹಿಡಿದು ಸರಸರನೆ ಎಳೆದುಕೊಳ್ಳುತ್ತಾ ಹೋದರೆ, ಎಲ್ಲಿ ಒಂದು ಎಳೆ ತಪ್ಪಿದೆಯೋ ಬೆರಳು ಅಲ್ಲಿ ತಾನಾಗಿ ನಿಲ್ಲುತ್ತಿತ್ತು. ತಪ್ಪು ಹಿಡಿಯುವುದು ದೊಡ್ಡದಲ್ಲ, ಅದು ಯಾರ ತಪ್ಪು ಎಂದು ಹೇಳುವುದು ದೊಡ್ಡದು. ಅದಕ್ಕೆ ಅವಳಪ್ಪ ಒಂದು ಲೆಕ್ಕ ಹೇಳಿಕೊಟ್ಟಿದ್ದ. ಒಂದು ಸೀರೆಯಲ್ಲಿ ಕಂಡು ಮುಂದಿನದರಲ್ಲಿ ಕಾಣದಿದ್ದರೆ ಅದು ನೂಲಿನ ದೋಷ, ಇಲ್ಲವೇ ಕೈಯ ದೋಷ. ಸೀರೆಯ ಮೇಲೆ ಸೀರೆ ಬಂದರೂ ದಡಿಯಿಂದ ಅಷ್ಟೇ ದೂರಕ್ಕೆ, ಅದೇ ಜಾಗಕ್ಕೆ ಬಂದರೆ ಅದು ಮಗ್ಗದ್ದು. ಎಳೆಗಳನ್ನು ಬಿಡಿಸಿ ಹಿಡಿಯುವ ಹಣಿಗೆಯ ಹಲ್ಲೊಂದು ಎಲ್ಲೋ ಬಾಗಿದೆ. ಆಗ ನೇಕಾರನನ್ನು ಬೈಯಬಾರದು. ಈ ಲೆಕ್ಕದಿಂದ ಸಾಬೀರಾ ಎಷ್ಟು ಜನ ನೇಕಾರರನ್ನು ಬೈಗುಳದಿಂದ ಉಳಿಸಿದಳೋ ಏನೋ. ‘ಸಾಬೀರಾ ಮಗ್ಗದ್ದು ಅಂದ್ಳಂದ್ರ ಮಗ್ಗದ್ದ’ ಎಂದು ಸೊಸೈಟಿಯ ಸೆಕ್ರೆಟರಿಯೂ ಒಪ್ಪಿಕೊಳ್ಳುತ್ತಿದ್ದ.

ಸೊಸೈಟಿಯಲ್ಲಿ ಮಗ್ಗಗಳು ಕಡಿಮೆಯಾದವು, ತಪಾಸಣೆಗೆ ಸೀರೆಗಳೂ ಕಡಿಮೆಯಾದವು. ಆಗ ಬಂದವಳು ಕಾಂಚನಾ. ಮುಂಡರಗಿಯ ಹುಡುಗಿ, ಇಂಜಿನಿಯರಿಂಗ್ ಓದಿದವಳು. ಬಸ್ ನಿಲ್ದಾಣದ ಹತ್ತಿರ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಹನ್ನೆರಡು ಕಂಪ್ಯೂಟರು ಹಾಕಿಸಿ, ‘ನನಗ ಕಾಲೇಜು ಓದಿದವರು ಬ್ಯಾಡ್ರಿ, ಎಳಿ ನೋಡೂ ಕಣ್ಣಿದ್ದವರು ಬೇಕು’ ಎಂದಳು. ಸಾಬೀರಾ ಹೋದಳು. ನೂಲು ಸುತ್ತುವ ಕೆಲಸ ಬಿಟ್ಟ ಸುಮಿತ್ರವ್ವನೂ ಹೋದಳು. ಹೀಗೆ ಹನ್ನೆರಡು ಹೆಣ್ಣುಮಕ್ಕಳು ಕೂಡಿದರು.

ಕೆಲಸವೇನೆಂದರೆ ಆಕಾಶದ ಕಸ ಹುಡುಕುವುದು. ನಗಬೇಡಿ, ಖರೆ. ಭೂಮಿಯ ಸುತ್ತ ಕೆಟ್ಟುಹೋದ ಉಪಗ್ರಹ, ರಾಕೆಟ್ಟಿನ ಚೂರು, ಕಳಚಿಬಿದ್ದ ಬೋಲ್ಟು, ಬಣ್ಣದ ಹಕ್ಕಳೆ, ಎಲ್ಲ ಸುತ್ತುತ್ತಿವೆ. ಮೊದಲ ದಿನವೇ ಕಾಂಚನಾ ಒಂದು ವಿಡಿಯೋ ತೋರಿಸಿದಳು. ಕಡಲೆಕಾಳಿನಷ್ಟು ಗುಂಡು ಬಂದು ಹೊಡೆದರೆ ಇಷ್ಟು ದಪ್ಪ ಲೋಹದ ಹಲಗೆಯಲ್ಲಿ ಬಟ್ಟಲಿನಷ್ಟು ಹಳ್ಳ ಬೀಳುತ್ತದೆ. ಸಾಬೀರಾ ‘ಯಾ ಅಲ್ಲಾ’ ಎಂದು ಕಣ್ಣು ಮುಚ್ಚಿಕೊಂಡಳು. ಅವತ್ತು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಮೇಲೆ ನೋಡುತ್ತಲೇ ಹೋದಳು.

‘ದುರ್ಬೀನು ಒಂದು ಉಪಗ್ರಹದ ಮ್ಯಾಲ ಕಣ್ಣಿಟ್ಟು ಫೋಟೋ ತೆಗೀತೈತಿ’ ಎಂದು ಕಾಂಚನಾ ವಿವರಿಸಿದಳು. ‘ಅದಕ್ಕ ಉಪಗ್ರಹ ನಟ್ಟನಡುವ ಚುಕ್ಕಿ ಆಗಿ ನಿಂತಿರತೈತಿ. ನಕ್ಷತ್ರ ಹಿಂದ ಸರೀತಾವು, ಅವು ನೆಟ್ಟನ ಗೆರಿ ಕಾಣ್ತಾವು. ಕಸ ಅಡ್ಡ ಹಾಯತೈತಿ, ಅದು ಓರಿ ಗೆರಿ. ನೀವು ಒಂದೊಂದಕ್ಕೂ ಗುರುತು ಹಾಕ್ರಿ. ನೀವು ತೋರಿಸಿದ್ದನ್ನ ನೋಡಿ ನೋಡಿ ಯಂತ್ರ ಕಲೀತೈತಿ. ನಾಳಿ ಅದ ಹುಡುಕತೈತಿ, ನೀವು ಬರೇ ಸರಿ ಐತಿಲ್ಲ ನೋಡಿದ್ರಾತು.’

‘ಮತ್ತ ಈ ಸಣ್ಣ ಚುಕ್ಕಿಗಳು?’ ಎಂದು ಸಾಬೀರಾ ಕೇಳಿದಳು.

‘ಕ್ಯಾಮೆರಾದ ಒಳಗ ಧೂಳು ಕುಂತಿರತೈತಿ ಅಕ್ಕಾ. ಅದಕ್ಕ ಮಚ್ಚಿ ಅಂತ ಗುರುತು ಹಾಕ್ರಿ.’

‘ಧೂಳು ಅಂತ ಗೊತ್ತಾಗೂದು ಹೆಂಗ?’

ಕಾಂಚನಾ ತಡವರಿಸಿದಳು. ಸಾಬೀರಾ ತಡವರಿಸಲಿಲ್ಲ. ಒಂದೇ ರಾತ್ರಿಯ ಮೂವತ್ತು ಚಿತ್ರಗಳನ್ನು ಒಂದರ ಮೇಲೊಂದು ಸರಿಸಿ ನೋಡಿದಳು. ನಕ್ಷತ್ರದ ಗೆರೆಗಳು ಓಡಿದವು, ಆ ಚುಕ್ಕಿಗಳು ಅಲ್ಲಾಡಲಿಲ್ಲ. ‘ಎಲ್ಲಾ ಚಿತ್ರದಾಗೂ ಅದ ಜಾಗದಾಗ ಬಂದ್ರ ಮಗ್ಗದ್ದು ತಗೋರಿ. ಕ್ಯಾಮೆರಾನ ಇಲ್ಲಿ ಮಗ್ಗ’ ಎಂದಳು. ಕಾಂಚನಾ ಖುಷಿಯಾಗಿ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಬಿಟ್ಟಳು. ಹನ್ನೆರಡೂ ಜನ ಅದನ್ನೇ ನೋಡಿಕೊಂಡು ಗುರುತು ಹಾಕಿದರು. ಯಂತ್ರವೂ ಅದನ್ನೇ ಕಲಿಯಿತು.

ಇನ್ನು ಸಾಬೀರಾಳ ಗಂಡನ ಮಾತು. ದಾದಾಪೀರ ಮಲ್ಪೆಯಲ್ಲಿ ಮೀನಿನ ಬೋಟಿನ ಮೇಲೆ ಕೆಲಸ ಮಾಡುತ್ತಾನೆ. ಕರಿಮಣ್ಣಿನ ಸೀಮೆಯವನಿಗೆ ಸಮುದ್ರ ಯಾಕೆ ಬೇಕಿತ್ತು ಎಂದು ಕೇಳಬೇಡಿ. ಆ ಬಂದರಿನಲ್ಲಿ ಬಲೆ ಎಳೆಯುವ ಕೈಗಳಲ್ಲಿ ಎಷ್ಟೋ ಕೈಗಳು ನಮ್ಮ ಕಡೆಯವೇ. ಒಮ್ಮೆ ಹೋದರೆ ಹತ್ತು ಹನ್ನೆರಡು ದಿನ ಒಳಸಮುದ್ರದಲ್ಲಿ, ಫೋನಿಗೆ ಸಿಗದಷ್ಟು ದೂರ. ಮೊದಲೆಲ್ಲ ಆ ದಿನಗಳಲ್ಲಿ ಸಾಬೀರಾಳಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಬೋಟಿಗೊಂದು ಡಬ್ಬಿ ಕೂಡಿಸಿದರು. ಬಿರುಗಾಳಿ ಬರುತ್ತದೆಂದರೆ ಉಪಗ್ರಹದಿಂದ ಆ ಡಬ್ಬಿಗೆ ಸುದ್ದಿ ಬರುತ್ತದೆ, ಕೆಂಪು ದೀಪ ಹತ್ತುತ್ತದೆ, ಬೋಟುಗಳು ದಡಕ್ಕೆ ಓಡುತ್ತವೆ.

‘ಡಬ್ಬಿ ಸುಮ್ನಿದ್ರ ಸಮುದ್ರಾನೂ ಸುಮ್ನೈತಿ ಅಂತ ತಿಳಕೊಂಡ ಬಿಡು. ಹೆದರಬ್ಯಾಡ’ ಎಂದು ದಾದಾಪೀರ ಹೇಳಿದ್ದ. ಅವತ್ತಿನಿಂದ ಆಕೆ ಹೊಟ್ಟೆ ತುಂಬ ಉಂಡಳು.

ಕಾಂಚನಾ ಒಮ್ಮೆ ಮಾತಿಗೆ ಮಾತು ಬಂದು, ‘ನಾವು ನೋಡೂ ಉಪಗ್ರಹ ಐತೆಲ್ಲ, ಮೀನುಗಾರರ ಬೋಟಿಗೆ ಸುದ್ದಿ ಕಳಸೂದು ಅದ ಅಕ್ಕಾ’ ಎಂದಾಗ ಸಾಬೀರಾ ಕುರ್ಚಿಯಿಂದ ಎದ್ದು ನಿಂತಳು. ಆ ನಟ್ಟನಡುವಿನ ಚುಕ್ಕಿ ತನ್ನ ಗಂಡನ ಡಬ್ಬಿಯೊಡನೆ ಮಾತಾಡುವ ಚುಕ್ಕಿ! ಮಧ್ಯಾಹ್ನ ರೊಟ್ಟಿ ಬಿಚ್ಚುವಾಗ ಎಲ್ಲರಿಗೂ ಹೇಳಿದ್ದೇ ಹೇಳಿದ್ದು. ‘ನಮ್ಮ ಮನಿಯವರನ್ನ ನಾ ಇಲ್ಲಿ ಕುಂತು ಕಾಯಾಕತ್ತೀನಿ.’ ಸುಮಿತ್ರವ್ವ, ‘ಸಾಕ ಬಿಡ ಮಾರಾಯ್ತಿ, ಹೊಟ್ಟಿಕಿಚ್ಚ ಆಗತೈತಿ’ ಎಂದು ರೇಗಿಸಿದಳು.

ಅಕ್ಟೋಬರಿನ ಒಂದು ಗುರುವಾರ. ದಾದಾಪೀರ ಸಮುದ್ರಕ್ಕೆ ಹೋಗಿ ಆರು ದಿನವಾಗಿತ್ತು. ಕಾಂಚನಾ ಬೆಳಿಗ್ಗೆ ಬಂದವಳೇ, ‘ಸಾಬೀರಕ್ಕಾ, ದುರ್ಬೀನದವರು ಕ್ಯಾಮೆರಾ ತೊಳೀತಾರಂತ. ಎಲ್ಲೆಲ್ಲಿ ಮಚ್ಚಿ ಅದಾವು ಒಂದು ಪಟ್ಟಿ ಮಾಡಿಕೊಡ್ರಿ’ ಎಂದಳು. ಒಂದೊಂದು ರಾತ್ರಿಯ ಚಿತ್ರಗಳು ಒಂದೊಂದು ಕಟ್ಟು, ಆ ಕಟ್ಟುಗಳು ಅಲ್ಲಿಯವರೆಗೆ ಅವರಿಗೆ ಕಲಸಿಕೊಂಡೇ ಬರುತ್ತಿದ್ದವು. ಇವತ್ತಿನದು, ಹೋದ ವಾರದ್ದು, ಯಾವುದು ಮೊದಲು ಯಾವುದು ಹಿಂದೆ ಯಾರೂ ನೋಡುತ್ತಿರಲಿಲ್ಲ. ಪಟ್ಟಿ ಮಾಡಲೆಂದು ಸಾಬೀರಾ ಮೊದಲ ಸಲ ಮೂರು ವಾರದ ಚಿತ್ರಗಳನ್ನು ತಾರೀಖಿನ ಪ್ರಕಾರ ಜೋಡಿಸಿದಳು.

ಐದು ಮಚ್ಚೆಗಳಿದ್ದವು. ನಾಲ್ಕು ಮಚ್ಚೆ ಮೂರು ವಾರವೂ ಕಲ್ಲು ಕೂತಂತೆ ಕೂತಿದ್ದವು. ಐದನೆಯದರ ಹತ್ತಿರ ಬಂದಾಗ ಆಕೆಯ ಬೆರಳು ನಿಂತಿತು.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು, ಉಪಗ್ರಹದ ಚುಕ್ಕಿಯಿಂದ ಆ ಮಚ್ಚೆಗೆ ಪರದೆಯ ಮೇಲೆ ಹಿಡಿದು ಅಳೆದಳು. ತಿಂಗಳ ಮೊದಲನೇ ತಾರೀಖಿಗೆ ಗೇಣಿನಷ್ಟಿತ್ತು. ಎಂಟಕ್ಕೆ ಅಷ್ಟಿರಲಿಲ್ಲ. ಹದಿನೈದಕ್ಕೆ ಅರ್ಧ. ನಿನ್ನೆಯ ಚಿತ್ರದಲ್ಲಿ ಎರಡು ಬೆರಳು. ಒಂದು ರಾತ್ರಿಯ ಮೂವತ್ತು ಚಿತ್ರದಲ್ಲಿ ಎಳ್ಳಷ್ಟೂ ಅಲ್ಲಾಡದ ಚುಕ್ಕಿ, ಮೂರು ವಾರದಲ್ಲಿ ಹೆಚ್ಚುಕಡಿಮೆ ಗೇಣು ದೂರ ಬಂದಿತ್ತು, ಅದೂ ಉಪಗ್ರಹದ ಕಡೆಗೇ.

ಮಗ್ಗದ ಹಲ್ಲು ಎಲ್ಲಿಯಾದರೂ ನಡೆದು ಬರುತ್ತದೆಯೇ? ಅದು ಧೂಳಲ್ಲ. ಉಪಗ್ರಹದ ಜೊತೆಜೊತೆಗೇ ಸುತ್ತುತ್ತಿದ್ದ ಯಾವುದೋ ಕಸ. ಜೊತೆಗೇ ಸುತ್ತಿದ್ದಕ್ಕೆ ಗೆರೆಯಾಗದೆ ಚುಕ್ಕಿಯಾಗಿ ಕಂಡಿದೆ, ನಿಂತ ಹಾಗೆ ಕಾಣುತ್ತ ನಿಧಾನಕ್ಕೆ ಹತ್ತಿರ ಬರುತ್ತಿದೆ. ಆಕೆ ಅದಕ್ಕೆ ಮೂರು ವಾರ ಮಚ್ಚೆ ಎಂದು ಗುರುತು ಹಾಕಿದ್ದಾಳೆ. ಹನ್ನೆರಡು ಜನರ ಕೈಯಲ್ಲಿ ಹಾಕಿಸಿದ್ದಾಳೆ. ಯಂತ್ರ ಏನೆನ್ನುತ್ತದೆ ಎಂದು ಗುಂಡಿ ಒತ್ತಿ ನೋಡಿದಳು. ‘ಮಚ್ಚೆ’ ಎಂದು ಯಂತ್ರ ನೂರಕ್ಕೆ ತೊಂಬತ್ತೆಂಟು ಖಾತ್ರಿಯಿಂದ ಹೇಳಿತು. ಕಲಿಸಿದವಳು ತಾನೇ, ಅದು ಬೇರೆ ಏನೆಂದೀತು.

ಪಕ್ಕದಲ್ಲಿ ಕೂತಿದ್ದ ಸುಮಿತ್ರವ್ವ ಮುಖ ನೋಡಿಯೇ ಏನೋ ಆಗಿದೆ ಎಂದು ತಿಳಿದಳು. ಸಾಬೀರಾ ಪಿಸುದನಿಯಲ್ಲಿ ಎಲ್ಲ ಹೇಳಿದಳು. ಸುಮಿತ್ರವ್ವ ಎಳೆಯನ್ನು ತಾನೂ ಹಿಡಿದು ನೋಡಿದಳು. ಆಮೇಲೆ ಎಳೆಯನ್ನು ಮುದುಡಿ ಸಾಬೀರಾಳ ಮುಷ್ಟಿಯೊಳಗಿಟ್ಟಳು.

‘ಬಾಯಿ ಬಿಡಬ್ಯಾಡ. ಯಾರಿಗೂ ಗೊತ್ತಾಗಂಗಿಲ್ಲ. ಅಷ್ಟ ದೊಡ್ಡ ಆಕಾಶದಾಗ ಒಂದು ಚೂರು, ಬಡೀತೈತೋ ಇಲ್ಲೋ ಆ ದೇವರಿಗೆ ಗೊತ್ತು. ನೀ ಹೇಳಿದಿ ಅಂದ್ರ ಮೂರು ವಾರದ ಕೆಲಸ ಎಲ್ಲಾ ತಪ್ಪು ಅಂತಾರ. ಬೆಟಗೇರಿ ಹೆಣ್ಣಮಕ್ಕಳಿಗೆ ಬುದ್ಧಿ ಇಲ್ಲ ಅಂತ ಕೆಲಸಾನ ಬ್ಯಾರೆ ಕಡೆ ಒಯ್ತಾರ. ಹನ್ನೆರಡು ಮನಿ ನೋಡು.’

‘ಮತ್ತ ಬಡದ್ರ?’

‘ಬಡೀಲಿ ಬಿಡು. ನಿನ್ನ ಮ್ಯಾಲೇನು ಬೀಳತೈತೇನು?’

ತನ್ನ ಮೇಲೇ ಬೀಳುತ್ತದೆ ಎಂದು ಸಾಬೀರಾಳಿಗೆ ಗೊತ್ತಿತ್ತು. ಹೇಳಬೇಕೆಂದು ಎರಡು ಸಲ ಎದ್ದಳು, ಎರಡು ಸಲವೂ ಕಾಂಚನಾಳ ಬಾಗಿಲವರೆಗೆ ಹೋಗಿ ನೀರು ಕುಡಿದು ಬಂದಳು. ಗೋಡೆಯ ಮೇಲಿನ ಆ ಚೀಟಿಯ ಕಡೆ ನೋಡಲು ಹೇಸಿಕೆಯಾಯಿತು. ಸೊಸೈಟಿಯಲ್ಲಿ ತಪ್ಪಾಗಿದ್ದರೆ ಒಂದು ಸೀರೆ ಕೆಡುತ್ತಿತ್ತು, ಇಲ್ಲಿ ಏನು ಕೆಡುತ್ತದೆ ಎಂದು ನೆನೆಸಲೂ ಆಗಲಿಲ್ಲ. ಮಧ್ಯಾಹ್ನದ ರೊಟ್ಟಿಯನ್ನು ಬಿಚ್ಚಲೇ ಇಲ್ಲ.

ನಾಲ್ಕು ಗಂಟೆಗೆ ಕೆಳಗಿನ ಚಹಾದಂಗಡಿಗೆ ಇಳಿದರು. ಟಿವಿಯಲ್ಲಿ ಒಬ್ಬ ಕೋಲು ಹಿಡಿದು ನಕಾಶೆ ತೋರಿಸುತ್ತಿದ್ದ. ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ, ಎರಡು ಮೂರು ದಿನದಲ್ಲಿ ಚಂಡಮಾರುತ ಆದರೂ ಆಗಬಹುದು, ಯಾವ ಕಡೆ ತಿರುಗುತ್ತದೋ ಈಗಲೇ ಹೇಳಲಾಗದು. ಅಂಗಡಿಯವನು ಚಹಾ ಕೈಗೆ ಕೊಟ್ಟ. ಸಾಬೀರಾ ಅದನ್ನು ಕಟ್ಟೆಯ ಮೇಲಿಟ್ಟು ಮೆಟ್ಟಿಲು ಹತ್ತಿ ಓಡಿದಳು. ಹಿಂದಿನಿಂದ ಸುಮಿತ್ರವ್ವ, ‘ಏ, ನಿಂದರು’ ಎಂದು ಕೂಗಿದ್ದು ಕೇಳಿಸಿತು.

ಕಾಂಚನಾ ಎಳೆ ಹಿಡಿದು ನೋಡಿದಳು, ಆಮೇಲೆ ಕಂಪ್ಯೂಟರಿನಲ್ಲೇ ಅಳೆದಳು. ಬಾಗಿಲು ಹಾಕಿಬಂದಳು.

‘ಅಕ್ಕಾ, ಅದನ್ನ ಗ್ವಾಡಿಗೆ ಹಚ್ಚಿದಾಕಿ ನಾನು. ನಿಮ್ಮ ಒಬ್ಬರದ ಅಲ್ಲ ಇದು, ನಂದೂ ಹೋಗತೈತಿ.’ ಮತ್ತೊಮ್ಮೆ ಪರದೆಯ ಕಡೆ ನೋಡಿದಳು. ‘ನಾಳಿ ಒಂದಿನ ಇನ್ನೊಮ್ಮೆ ನೋಡಿ ಹೇಳೂಣೇನು?’

‘ನಾಳಿ ಬ್ಯಾಡ್ರಿ ಮೇಡಂ. ನನ್ನ ಹೆಸರು ಬರೀರಿ. ಸಾಬೀರಾ ಹೇಳಿದ್ಳು, ಸಾಬೀರಾಂದ ತಪ್ಪು ಅಂತ ಬರೀರಿ. ಆದ್ರ ಈಗ ಬರೀರಿ. ನಮ್ಮ ಮನಿಯವರು ಸಮುದ್ರದಾಗ ಅದಾರ.’

ಕಾಂಚನಾ ಕೆಲಸ ಕೊಟ್ಟ ಬೆಂಗಳೂರಿನವರಿಗೆ ಬರೆದಳು. ಇಬ್ಬರ ಹೆಸರನ್ನೂ ಬರೆದಳು. ಆ ಹುಡುಗಿಯ ಬಗ್ಗೆ ಯಾರು ಏನೇ ಅನ್ನಲಿ, ಅವತ್ತು ಅವಳು ಸಣ್ಣವಳಾಗಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಬೆಂಗಳೂರಿನಿಂದ ಫೋನು ಬಂತು. ಬೇರೆ ಎರಡು ದುರ್ಬೀನುಗಳಿಂದಲೂ ನೋಡಿದ್ದಾರೆ, ಅದು ಹಳೇ ಉಪಗ್ರಹವೊಂದರಿಂದ ಕಳಚಿದ ತಗಡು, ಭಾನುವಾರದ ಹೊತ್ತಿಗೆ ತೀರ ಹತ್ತಿರ ಹಾಯುತ್ತದೆ. ಯಾರೂ ಬೈಯಲಿಲ್ಲ. ಭಲೇ ಎಂದರಂತೆ. ಕಾಂಚನಾ ಫೋನಿಟ್ಟು ಸಾಬೀರಾಳನ್ನು ತಬ್ಬಿಕೊಂಡಳು, ಹೊರಗೆ ಹನ್ನೊಂದು ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರು, ಸುಮಿತ್ರವ್ವ ಎಲ್ಲರಿಗಿಂತ ಜೋರಾಗಿ ತಟ್ಟಿದಳು.

‘ಇನ್ನ ಚಿಂತಿಲ್ಲಕ್ಕಾ. ಉಪಗ್ರಹಾನ ಅದರ ಹಾದಿಯಿಂದ ಸ್ವಲ್ಪ ಬಾಜೂಕ ಸರಸ್ತಾರ. ನಾಳಿ ಮುಂಜಾನೆ ಎಂಟರಿಂದ ಮಧ್ಯಾಹ್ನ ಎರಡರ ಮಟ ಅದರ ಕೆಲಸ ಎಲ್ಲಾ ಬಂದ್ ಇಟ್ಟು...’

‘ಬಂದ್ ಅಂದ್ರ?’ ಎಂದಳು ಸಾಬೀರಾ.

‘ಸುದ್ದಿ ಕಳಸೂದು ಬಂದ್. ಆರು ತಾಸು ಅಷ್ಟ.’

ಸಾಬೀರಾ ಕುರ್ಚಿಯ ಕೈ ಹಿಡಿದುಕೊಂಡಳು. ಹೊರಗಿನ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

‘ಡಬ್ಬಿಗೆ ಸುದ್ದಿ ಹೋಗಂಗಿಲ್ಲ?’

‘ಬಂದರಿಗೆಲ್ಲಾ ತಿಳಸ್ತಾರಂತಕ್ಕಾ. ಡಬ್ಬಿಗೆ ಬರೇ ಗಾಳಿ ಸುದ್ದಿ ಹೋಗೂದು, ಇಂಥಾ ಮಾತು ಅದರಾಗ ಹೋಗಂಗಿಲ್ಲ.’

‘ಬಂದರಿನ್ಯಾಗ ಇದ್ದವರಿಗೆ ಡಬ್ಬಿ ಯಾಕ್ರಿ ಬೇಕು? ಸಮುದ್ರದಾಗ ಇದ್ದವರಿಗೆ ಹೇಳಾವ್ರು ಯಾರು? ಗಾಳಿ ಬರೂದು ನಾಳೀನ ಅಲ್ಲೇನು? ಇನ್ನೊಂದಿನ ತಡದು ಮಾಡಾಕ ಬರೂದಿಲ್ಲೇನ್ರಿ?’

‘ಬರೂದಿಲ್ಲಂತ. ಮೊದಲ ಗೊತ್ತಾಗಿದ್ರ ಯಾವುದಾರ ತಣ್ಣಗಿದ್ದ ದಿನ ನೋಡಿ ಮಾಡ್ತಿದ್ವಿ ಅಂದ್ರು.’ ಹೇಳಿದ ಮೇಲೆ ಕಾಂಚನಾ ನಾಲಿಗೆ ಕಚ್ಚಿಕೊಂಡಳು. ಆದರೆ ಹೇಳಿ ಆಗಿತ್ತು.

ಮೊದಲ ಗೊತ್ತಾಗಿದ್ದರೆ. ಮೊದಲೇ ಕಣ್ಣಿಗೆ ಬಿದ್ದಿತ್ತಲ್ಲ ಅದು! ಮೂರು ವಾರ ದಿನಾ ಬಿದ್ದಿತ್ತು, ದಿನಾ ಮಚ್ಚೆ ಎಂದು ತಾನೇ ತಳ್ಳಿದ್ದಳು. ಗುರುತು ಸರಿಯಾಗಿ ಹಾಕಿದ್ದರೆ ತಿಳಿಗಡಲಿನ ಯಾವುದೋ ಸೋಮವಾರ ಈ ಕೆಲಸ ಮುಗಿದು, ನಾಳೆ ಡಬ್ಬಿ ಎಚ್ಚರವಾಗಿರುತ್ತಿತ್ತು. ಈಗ ಬಿರುಗಾಳಿಯ ದಿನವೇ ಡಬ್ಬಿಯ ಬಾಯಿ ಕಟ್ಟಿದಂತಾಯಿತು, ಕಟ್ಟಿದವಳು ತಾನು. ದಾದಾಪೀರ ಅಲ್ಲಿ ಡಬ್ಬಿಯ ಕಡೆ ನೋಡುತ್ತಾನೆ, ದೀಪ ಹತ್ತಿರುವುದಿಲ್ಲ, ಎಲ್ಲ ಸುಮ್ಮನಿದೆ ಎಂದುಕೊಂಡು ಬಲೆ ಬಿಡುತ್ತಾನೆ.

ಸಾಬೀರಾ ಮಲ್ಪೆಗೆ ಫೋನು ಹಚ್ಚಿದಳು. ಅಲ್ಲಿ ಬೋಟಿನ ಮಾಲಕರ ಕಡೆಯಿಂದ ದಡದ ಮೇಲೆ ವೈರ್‌ಲೆಸ್ ನೋಡಿಕೊಳ್ಳುವವನು ಇಜಾಜ. ಲಕ್ಷ್ಮೇಶ್ವರದವನು, ದಾದಾಪೀರನನ್ನು ಆ ಕೆಲಸಕ್ಕೆ ಕರೆದುಕೊಂಡು ಹೋದವನೂ ಅವನೇ.

‘ಇಜಾಜಭಾಯ್, ಬೋಟಿಗೆ ಹೇಳ್ರಿ, ನಾಳಿ ಎಂಟರಿಂದ ಡಬ್ಬಿ ಬಂದ್. ಈಗಿಂದೀಗ ದಡಕ್ಕ ತಿರುಗ್ರಿ ಅಂತ ಹೇಳ್ರಿ.’

ಇಜಾಜ ನಕ್ಕ. ‘ಭಾಭಿ, ನಿಮಗ ಹಲ್ಲಿ ಕಂಡರೂ ಹೆದರಿಕಿ. ಡಬ್ಬಿ ನಿನ್ನಿ ಹುಷಾರಿಂದ ಇರ್ರಿ ಅಂದೈತಿ, ವಾಪಸ್ ಬರ್ರಿ ಅಂದಿಲ್ಲ. ಅಂದಾಗ ಬರತಾರ. ಆಕಾಶದಾಗ ಡಬ್ಬಿ ಬಂದ್ ಆಗೂದು ಬೆಟಗೇರಿ ಓಣ್ಯಾಗ ಕುಂತ ನಿಮಗ ಹೆಂಗ ಗೊತ್ತು?’

‘ಬಂದ್ ಮಾಡಿಸಿದಾಕಿ ನಾನ!’ ಸಾಬೀರಾ ಕಿರುಚಿದಳು. ಕೆಳಗೆ ಅಂಗಡಿಯಲ್ಲಿ ಸೀರೆ ಆರಿಸುತ್ತಿದ್ದವರು ಮೇಲೆ ನೋಡಿದರು. ‘ನಂದ ತಪ್ಪು ಭಾಯ್. ನಾ ನೋಡಬೇಕಾದ್ದನ್ನ ನೋಡಲಿಲ್ಲ, ಅದಕ್ಕ ನಾಳೀನ ಬಂದ್ ಮಾಡಬೇಕಾತು. ನಾಳಿ ಡಬ್ಬಿ ಸುಮ್ಮನ ಇರೂದು ಸಮುದ್ರ ಸುಮ್ಮನೈತಿ ಅಂತಲ್ಲ. ಇಷ್ಟ ಹೇಳ್ರಿ ಅವರಿಗೆ. ನಿಮ್ಮ ಕಾಲಿಗೆ ಬೀಳತೀನಿ.’

ಇಜಾಜನ ನಗು ನಿಂತಿತು. ಬೋಟು ವೈರ್‌ಲೆಸ್ಸಿಗೆ ಸಿಗದಷ್ಟು ದೂರವಿದೆ, ನಡುವೆ ಇರುವ ಬೋಟುಗಳಿಗೆ ಹೇಳುತ್ತೇನೆ, ಅವರು ಮುಂದಿನವರಿಗೆ ಹೇಳಲಿ, ಮುಟ್ಟಿದರೆ ಮುಟ್ಟಿತು ಎಂದ. ಮುಟ್ಟಿತೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ.

ಶನಿವಾರದ ಆ ಆರು ತಾಸು ಸಾಬೀರಾ ಹೇಗೆ ಕಳೆದಳೆಂದು ಆಕೆಯನ್ನೇ ಕೇಳಿದರೂ ಹೇಳಲಾರಳು. ಕುರ್ಚಿಯಲ್ಲಿ ಕೂತಿದ್ದಳು. ಪರದೆಯ ಮೇಲೆ ಯಾವುದೋ ಹಳೇ ಚಿತ್ರಗಳಿದ್ದವು. ಪ್ರತಿ ಚುಕ್ಕಿಯೂ ತನ್ನತ್ತಲೇ ಬರುತ್ತಿದೆ ಅನಿಸುತ್ತಿತ್ತು. ಯಂತ್ರಕ್ಕೆ ಹೊಸ ಪಾಠ ಕಲಿಸಲು ಕಾಂಚನಾ ಗುರುತುಗಳನ್ನು ತಿದ್ದಿಸಿದ್ದಳು. ಈಗ ಅದು ನಿಜವಾದ ಧೂಳನ್ನೂ ಕಸ ಕಸ ಎಂದು ಕೂಗತೊಡಗಿತ್ತು. ಸಾಬೀರಾಳಿಗೆ ಅದರ ಮೇಲೆ ಕನಿಕರ ಬಂತು. ಹತ್ತು ಗಂಟೆಗೆ ಟಿವಿಯವರು ಗಾಳಿ ಎದ್ದಿದೆ ಎಂದರು. ಸುಮಿತ್ರವ್ವ ಹಟಮಾಡಿ ಎರಡು ತುತ್ತು ಬಾಯಿಗಿಟ್ಟಳು, ಆಕೆ ಅದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಎರಡು ಗಂಟೆಗೆ ಕಾಂಚನಾ ಹೊರಗೆ ಬಂದು, ‘ಸರೀತು ಅಕ್ಕಾ, ಉಪಗ್ರಹ ಉಳೀತು, ಮತ್ತ ಚಾಲೂ ಆತು’ ಎಂದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಭಾನುವಾರ ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ದಾದಾಪೀರ. ಕಾರವಾರದಲ್ಲಿದ್ದ.

ಸಾಬೀರಾ ನೆಲದ ಮೇಲೆ ಕೂತುಬಿಟ್ಟಳು. ಬಹಳ ಹೊತ್ತು ಅತ್ತಳು. ಅವನು ಆ ಕಡೆಯಿಂದ, ‘ಏ, ಅಳಬ್ಯಾಡ, ಅದೀನಲ್ಲ, ಅದೀನಲ್ಲ’ ಎನ್ನುತ್ತಲೇ ಇದ್ದ. ಸುದ್ದಿ ಶುಕ್ರವಾರ ಕತ್ತಲಾಗುವ ಹೊತ್ತಿಗೆ ಬೋಟಿನಿಂದ ಬೋಟಿಗೆ ಹಾಯ್ದು ಅವರಿಗೆ ಮುಟ್ಟಿತ್ತು. ಬೆಟಗೇರಿಯ ಯಾವಳೋ ಹೆಂಗಸು ಡಬ್ಬಿ ಬಂದಾಗುತ್ತದೆ ಎಂದಿದ್ದಾಳೆ ಎಂದು ಕೇಳಿ ಬೋಟಿನವರೆಲ್ಲ ನಕ್ಕರಂತೆ.

‘ನಾ ನಗಲಿಲ್ಲ. ಆಕಿ ನನ್ನ ಹೇಣ್ತಿ, ಕಣ್ಣಿಲೆ ಕಾಣದ ಯಾವುದಕ್ಕೂ ತಪ್ಪ ಐತಿ ಅನ್ನಾಕಿ ಅಲ್ಲ ಅಂತ ಹೇಳಿ ಜಗಳ ಮಾಡಿ ಬೋಟ್ ತಿರುಗಿಸಿದೆ. ಶನಿವಾರ ಎಂಥಾ ಗಾಳಿ ಅಂತಿ... ಡಬ್ಬಿ ಸತ್ತಂಗ ಬಿದ್ದಿತ್ತು.’ ಆಮೇಲೆ ದನಿ ತಗ್ಗಿಸಿದ. ‘ನಮ್ಮ ಬಾಜೂಕ ಇದ್ದ ಬೋಟಿನವರು ತಿರುಗಲಿಲ್ಲ. ಡಬ್ಬಿ ಹೇಳಿದಾಗ ಬರತೀವಿ ಅಂದ್ರು. ಅವರು ಇನ್ನೂ ಸಿಕ್ಕಿಲ್ಲ.’

‘ಯಾರ್‍ಯಾರು ಅದಾರ ಅದರಾಗ?’

‘ಏಳು ಮಂದಿ. ನಮ್ಮ ಕಡೆಯವ ಒಬ್ಬನ, ಬೆಳ್ಳಟ್ಟಿ ಶಿವಯೋಗಿ. ಗದಿಗೆವ್ವನ ಮಗ. ಮನಿಯವರಿಗೆ ಇನ್ನೂ ಹೇಳಬ್ಯಾಡ್ರಿ ಅಂದಾರ ಮಾಲಕರು.’

ಸೋಮವಾರ ಸಾಬೀರಾ ಕೆಲಸಕ್ಕೆ ಹೋಗಲಿಲ್ಲ. ಶಿರಹಟ್ಟಿಯ ಬಸ್ಸು ಹತ್ತಿದಳು, ಮಗಳ ಮನೆಯ ಕಡೆ ಕಣ್ಣೂ ಹಾಯಿಸದೆ ಇನ್ನೊಂದು ಬಸ್ಸು ಹಿಡಿದು ಬೆಳ್ಳಟ್ಟಿಯಲ್ಲಿ ಇಳಿದಳು. ಯಾಕೆ ಹೋಗುತ್ತಿದ್ದೇನೆ, ಹೋಗಿ ಏನು ಹೇಳಬೇಕು, ಒಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಆ ತಾಯಿ ಒಬ್ಬಳೇ ಏನೂ ಗೊತ್ತಿಲ್ಲದೆ ಕೂತಿದ್ದಾಳೆ.

ಗದಿಗೆವ್ವ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ದಾದಾಪೀರನ ಹೆಂಡತಿ ಎಂದ ಕೂಡಲೇ ಮೊರ ಬದಿಗಿಟ್ಟು ಎದ್ದಳು.

‘ಬಾರವ್ವಾ, ಬಾ. ಕುಂಡ್ರು. ಗಾಳಿ ಎದ್ದೈತಂತ ಓಣ್ಯಾಗ ಎಲ್ಲಾರೂ ಕೇಳಾಕತ್ತಾರ, ನಿನ್ನ ಮಗ ಹೆಂಗದಾನ ಅಂತ. ನನಗೇನ ಹೆದರಿಕಿಲ್ಲ ಅಂದೆ. ಆ ಪೆಟಿಗಿ ಐತೆಲ್ಲ, ಆಕಾಶದಿಂದ ಹೇಳತೈತಂತಲ್ಲ. ನನ್ನ ಮಗ ಹೇಳ್ಯಾನ.’

ಸಾಬೀರಾಳಿಗೆ ಆ ಮಾತು ಕೇಳಲಾಗಲಿಲ್ಲ. ಚಹಾ ಇಡಲು ಒಳಗೆ ಹೊರಟವಳ ಸೀರೆ ಹಿಡಿದು ಕೂರಿಸಿದಳು. ಎಲ್ಲವನ್ನೂ ಹೇಳಿದಳು. ಚುಕ್ಕಿಯನ್ನು ಹೇಳಿದಳು, ಮೂರು ವಾರ ಹೇಳಿದಳು, ಆರು ತಾಸು ಹೇಳಿದಳು, ಶಿವಯೋಗಿಯ ಬೋಟು ಸಿಕ್ಕಿಲ್ಲ ಎನ್ನುವುದನ್ನು ಕೊನೆಗೆ ಹೇಳಿದಳು. ಗದಿಗೆವ್ವನಿಗೆ ಎಷ್ಟು ತಿಳಿಯಿತೋ ಏನೋ. ಬೈಯಲಿಲ್ಲ, ಅಳಲಿಲ್ಲ. ಶೇಂಗಾದ ಮಣ್ಣು ಹತ್ತಿದ ಕೈಯಿಂದ ಸಾಬೀರಾಳ ಮುಂಗೈ ಹಿಡಿದಳು, ಬಿಡಲಿಲ್ಲ. ಹಾಗೇ ಕೂತರು. ಬಿಸಿಲು ಅಂಗಳದಿಂದ ಕಟ್ಟೆಗೆ ಬಂತು.

ಒಂದೂವರೆಗೆ ಗದಿಗೆವ್ವನ ಫೋನು ಕೂಗಿತು. ಆಕೆ ಅದನ್ನು ನೋಡಿದಳು, ಮುಟ್ಟಲಿಲ್ಲ.

‘ನೀನ ಎತ್ತು’ ಎಂದಳು. ‘ನನ್ನ ಕೈಲಿ ಆಗೂದಿಲ್ಲ.’

ಸಾಬೀರಾ ಎತ್ತಿದಳು. ಆ ಕಡೆ ಗಾಳಿಯ ಸದ್ದು, ಜನರ ಗದ್ದಲ, ಆಮೇಲೆ ಒಂದು ಒಡೆದ ದನಿ: ‘ಯವ್ವಾ? ಯವ್ವಾ, ನಾನ ಬೇ. ಇಂಜಿನ್ ಕೆಟ್ಟು ಎರಡು ದಿನ ತೇಲಿಕೋತ ಹೋಗಿದ್ವಿ, ಕೋಸ್ಟ್ ಗಾರ್ಡಿನವರು ಎಳಕೊಂಡು ಬಂದ್ರು. ಏಳೂ ಮಂದಿ ಅದೀವಿ ಬೇ.’

ಸಾಬೀರಾ ಫೋನನ್ನು ಆ ತಾಯಿಯ ಕಿವಿಗೆ ಹಿಡಿದಳು. ಗದಿಗೆವ್ವ ಮಗನ ದನಿ ಕೇಳಿದವಳೇ ಅವನನ್ನು ಬಾಯಿಗೆ ಬಂದಂತೆ ಬೈದಳು, ಊರಿನ ದೇವರನ್ನೆಲ್ಲ ಕರೆದಳು, ಮತ್ತೆ ಬೈದಳು. ಫೋನಿಟ್ಟಳು. ಅಲ್ಲಿಯವರೆಗೆ ಬರದ ಹೆದರಿಕೆ ಆಗ ಬಂತು. ಅಂಗಳಕ್ಕೆ ಇಳಿದು, ಹಣೆಗೆ ಕೈ ಅಡ್ಡ ಹಿಡಿದು, ಸುಡುವ ಆಕಾಶವನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದಳು.

‘ಆ ಕಸ ಇನ್ನೂ ಅದಾವೇನು ಮ್ಯಾಲ?’

‘ಅದಾವು ಯವ್ವಾ. ಭಾಳ ಅದಾವು. ದಿನಾ ಹೆಚ್ಚಾಗಾಕತ್ತಾವು.’

‘ನೋಡಾವ್ರು ಯಾರು?’

‘ಯಂತ್ರ ನೋಡತೈತಿ. ಯಂತ್ರಕ್ಕ ಹೇಳಿಕೊಡಾಕ ನಾವು ಹನ್ನೆರಡು ಮಂದಿ ಹೆಣ್ಣಮಕ್ಕಳು ಅದೀವಿ, ಬೆಟಗೇರ್‍ಯಾಗ.’

ಗದಿಗೆವ್ವ ತಿರುಗಿ ಸಾಬೀರಾಳನ್ನು ದಿಟ್ಟಿಸಿದಳು. ಆಮೇಲೆ ಕಟ್ಟೆಯ ಕೆಳಗೆ ಸಾಬೀರಾ ಬಿಟ್ಟಿದ್ದ ಚಪ್ಪಲಿಗಳನ್ನು ಕಾಲಿನಿಂದ ಆಕೆಯ ಮುಂದೆ ಸರಿಸಿದಳು.

‘ಹಂಗಾದ್ರ ನೀ ಇಲ್ಲಿ ಯಾಕ ಕುಂತಿ?’